ತಂತಿಯ ಗೇಜ್ ಮತ್ತು ವ್ಯಾಸ: ಲಾಗರಿದಮ್ ಲೆಕ್ಕದ ಇತಿಹಾಸ

ತಂತಿ ಸಪೂರವಾದಷ್ಟೂ ಅದರ ಗೇಜ್ ನಂಬರು ದೊಡ್ಡದಾಗುತ್ತದೆ. ಹೊಸಬರನ್ನು ತಬ್ಬಿಬ್ಬು ಮಾಡುವ ಈ ತಿರುವುಮುರುವಿಗೆ ಕಾರಣ ತಂತಿ ತಯಾರಾಗುವ ರೀತಿ. ಲೋಹದ ಸರಳನ್ನು ಉಕ್ಕಿನ ತಟ್ಟೆಯ ತೂತಿಗೆ ತೂರಿಸಿ ಎಳೆಯುತ್ತಾರೆ. ಇನ್ನೂ ಸಪೂರ ಬೇಕೆಂದರೆ ಅದಕ್ಕಿಂತ ಚಿಕ್ಕ ತೂತು. ಎಷ್ಟು ಸಲ ಎಳೆದರೋ ಹೆಚ್ಚುಕಮ್ಮಿ ಅಷ್ಟು ನಂಬರು. ಒಂದೇ ಏಟಿಗೆ ಬಹಳ ಇಳಿಸಹೋದರೆ ತಂತಿ ತುಂಡಾಗುತ್ತದೆ. ಹಾಗಾಗಿ ಪ್ರತಿ ಸಲವೂ ಇದ್ದ ದಪ್ಪದಲ್ಲಿ ಒಂದು ಪಾಲನ್ನಷ್ಟೇ ಕಳೆಯಬೇಕು. ನಂಬರು ಒಂದೊಂದಾಗಿ ಕೂಡುತ್ತ ಹೋದಂತೆ ವ್ಯಾಸ ಭಾಗವಾಗುತ್ತ ಹೋಗುತ್ತದೆ. ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಈ ನಂಟೇ ಲಾಗರಿದಮ್. ಅದರ ಹೆಸರನ್ನೇ ಕೇಳದ ಕೆಲಸಗಾರರ ಕೈಯಲ್ಲಿ ಅದು ನಡೆಯುತ್ತಿತ್ತು.

ಈ ನಂಟನ್ನು ಕರಾರುವಾಕ್ಕಾಗಿ ಕಟ್ಟಿದ್ದು ಅಮೆರಿಕದ ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಶಾರ್ಪ್ ಸಂಸ್ಥೆ, 1857ರಲ್ಲಿ. ಇಂದಿನ ಅಮೆರಿಕನ್ ಗೇಜ್ (ಎಡಬ್ಲ್ಯುಜಿ) ಅದೇ. ಅದರಲ್ಲಿ ನಾಲ್ಕು ಸೊನ್ನೆಯ (0000, ಅಂದರೆ 0ಗಿಂತ ಮೂರು ಮೆಟ್ಟಿಲು ದಪ್ಪನೆಯ) ತಂತಿಗೆ 0.46 ಇಂಚು, 36ನೇ ನಂಬರಿಗೆ 0.005 ಇಂಚು ಎಂದು ಎರಡು ತುದಿಗಳು ನಿಗದಿಯಾಗಿವೆ. ನಡುವೆ 39 ಮೆಟ್ಟಿಲು, ಒಟ್ಟು 92 ಪಟ್ಟು ವ್ಯತ್ಯಾಸ. ಆದ್ದರಿಂದ ಒಂದು ಮೆಟ್ಟಿಲೆಂದರೆ 92ರ 39ನೇ ಮೂಲ, ಅಂದರೆ ಸುಮಾರು 1.123. ನೋಡಲು ವಿಚಿತ್ರ ಸಂಖ್ಯೆಯಾದರೂ ಬಳಕೆಗೆ ಬಲು ಒಗ್ಗುತ್ತದೆ: ಆರು ಮೆಟ್ಟಿಲು ಇಳಿದರೆ ವ್ಯಾಸ ಹೆಚ್ಚುಕಡಿಮೆ ಇಮ್ಮಡಿ, ಮೂರು ಇಳಿದರೆ ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿ.

ಮಿಲಿಮೀಟರ್ ವ್ಯಾಸದಿಂದ ನಂಬರು ಪಡೆಯಲು 10ನ್ನು ಆಧಾರವಾಗಿಟ್ಟ ಲಾಗರಿದಮ್ ಸಾಕು:

ಗೇಜ್ = 18.2 − 19.86 × ಲಾಗ್ (ವ್ಯಾಸ)

0.8 ಮಿ.ಮೀ. ತಂತಿಯನ್ನೇ ತೆಗೆದುಕೊಳ್ಳಿ. 0.8ರ ಲಾಗ್ −0.097, ಅದನ್ನು 19.86ರಿಂದ ಗುಣಿಸಿದರೆ −1.93. 18.2ರಿಂದ ಇದನ್ನು ಕಳೆದರೆ 20.13. ಹತ್ತಿರದ ನಂಬರು 20. ಅದರ ನಿಜವಾದ ವ್ಯಾಸ 0.812 ಮಿ.ಮೀ.

ಬ್ರಿಟನ್ನಿನಲ್ಲಿ ಈ ಸೊಗಸು ಕೈಗೂಡಲಿಲ್ಲ. ಅಲ್ಲಿನ ಬರ್ಮಿಂಗ್‌ಹ್ಯಾಮ್ ಗೇಜ್ ರೂಢಿಯಿಂದ ಬೆಳೆದ ಏರುಪೇರಿನ ಸರಣಿ. ಟೆಲಿಗ್ರಾಫ್ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ 1867ರಲ್ಲೇ ಸಮಾನುಪಾತದ ಗೇಜ್ ಬೇಕೆಂದು ವಾದಿಸಿದ. ಆದರೆ 1883ರ ಆಜ್ಞೆಯಂತೆ 1884ರ ಮಾರ್ಚ್ 1ರಂದು ಜಾರಿಗೆ ಬಂದ ಸ್ಟ್ಯಾಂಡರ್ಡ್ ವೈರ್ ಗೇಜ್ (ಎಸ್‌ಡಬ್ಲ್ಯುಜಿ) ಒಂದು ರಾಜಿಯಂತಿತ್ತು. ಅದರಲ್ಲಿ 14ರಿಂದ 19ರವರೆಗೆ ಪ್ರತಿ ನಂಬರಿಗೂ 0.008 ಇಂಚು ಕಡಿಮೆಯಾಗುತ್ತದೆ. ಅಲ್ಲಿಂದ 23ರವರೆಗೆ 0.004 ಇಂಚು. ಇದು ಅನುಪಾತವಲ್ಲ, ಬರೀ ಕಳೆಯುವ ಲೆಕ್ಕ, ಅದೂ ತುಂಡುತುಂಡಾಗಿ. ಒಂದೇ ಸೂತ್ರ ಇದಕ್ಕೆ ಒಗ್ಗುವುದಿಲ್ಲ, ಪಟ್ಟಿ ನೋಡಲೇಬೇಕು.

ಭಾರತಕ್ಕೆ ಬಂದದ್ದು ಈ ಬ್ರಿಟಿಷ್ ಪಟ್ಟಿಯೇ. ಹಳೆಯ ಎಲೆಕ್ಟ್ರಿಷಿಯನ್‌ಗಳು ‘ಮೂರು ಇಪ್ಪತ್ತು’ (3/20) ಎನ್ನುತ್ತಿದ್ದುದು 20 ಗೇಜಿನ ಮೂರು ಎಳೆಗಳ ವೈರಿಗೆ. ಮನೆ ವೈರಿಂಗ್ ಈಗ ಚದರ ಮಿಲಿಮೀಟರಿಗೆ ತಿರುಗಿದೆ. ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಮಾತ್ರ ಗೇಜಿನ ಮಾತು ನಿಂತಿಲ್ಲ. ಅಲ್ಲಿ 21 ಗೇಜ್ ಎಂದು ತೂಗಿ ಕೊಡುವ 0.032 ಇಂಚಿನ ತಾಮ್ರದ ತಂತಿ, ಅಮೆರಿಕನ್ ಲೆಕ್ಕದಲ್ಲಿ 20ನೇ ನಂಬರು.