ಒಂದೇ ಒಂದು ಪ್ರದರ್ಶನ

ಕಲಾವಿದರ ಕೂಟಗಳು ಹುಟ್ಟುವುದೂ ಒಡೆಯುವುದೂ ನಮ್ಮಲ್ಲಿ ಹೊಸತಲ್ಲ. ಒಂದೇ ಪ್ರದರ್ಶನ ನಡೆಸಿ ಚರಿತ್ರೆಯಲ್ಲಿ ಉಳಿದ ಕೂಟವೆಂದರೆ ನನಗೆ ನೆನಪಾಗುವುದು ‘ಗ್ರೂಪ್ 1890’.

ಈ ಅಂಕಿ ಇಸವಿಯಲ್ಲ, ಮನೆಯ ನಂಬರು. 1962ರಲ್ಲಿ ಗುಜರಾತಿನ ಭಾವನಗರದ ಆ ಮನೆಯಲ್ಲಿ ಸೇರಿದ ಗೆಳೆಯರು ಅದನ್ನೇ ಹೆಸರಾಗಿಟ್ಟುಕೊಂಡರು. 1963ರ ಅಕ್ಟೋಬರಿನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ 12 ಮಂದಿಯ ಕೃತಿಗಳು ಒಟ್ಟಿಗೆ ಕಂಡವು. ಉದ್ಘಾಟಿಸಿದವರು ನೆಹರೂ, ಪ್ರದರ್ಶನದ ಪುಸ್ತಿಕೆಗೆ ಬರೆದವರು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಜ್.

ಜೆ. ಸ್ವಾಮಿನಾಥನ್, ಗುಲಾಂ ಮೊಹಮ್ಮದ್ ಶೇಖ್, ಅಂಬಾದಾಸ್ ಚಿತ್ರಕಾರರು. ರಾಘವ್ ಕನೇರಿಯಾ ಶಿಲ್ಪಿ. ಹಿಮ್ಮತ್ ಶಾ ಕಾಗದವನ್ನೂ ಜೇರಾಂ ಪಟೇಲ್ ಮರವನ್ನೂ ಸುಟ್ಟು ಕೃತಿ ರಚಿಸಿದವರು.

ಅವರ ಘೋಷಣೆ ರವಿವರ್ಮನನ್ನೂ ಬಂಗಾಳದ ಪಂಥವನ್ನೂ ಯೂರೋಪಿನ ಅನುಕರಣೆಯನ್ನೂ ಒಟ್ಟಿಗೆ ತಳ್ಳಿಹಾಕಿತು. ರವಿವರ್ಮನ ಲಕ್ಷ್ಮೀ ಸರಸ್ವತಿಯರಿಗೆ ಮನೆಯಲ್ಲಿ ಕೈಮುಗಿದ, ಅವನೀಂದ್ರನಾಥರ ಶಿಷ್ಯ ವೆಂಕಟಪ್ಪನವರನ್ನು ಹೆಮ್ಮೆಯಿಂದ ನೆನೆಯುವ ನಮಗೆ ಈ ಮಾತು ಕಹಿಯೇ. ಪೂರ್ತಿಯಾಗಿ ನಾನೂ ಒಪ್ಪಲಾರೆ. ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳು ಯಾವ ಪಂಥದ ನೆರಳೂ ಅಲ್ಲ. ಆದರೂ ಪ್ರಶ್ನೆ ನ್ಯಾಯವಾದದ್ದೇ: ಹಿರಿಯರ ಗೆರೆಯನ್ನೇ ತಿದ್ದುತ್ತ ಕುಳಿತರೆ ನಮ್ಮ ಗೆರೆ ಯಾವುದು?

ಕೂಟ ಮತ್ತೆ ಪ್ರದರ್ಶನ ನಡೆಸಲಿಲ್ಲ. ಸದಸ್ಯರು ತಮ್ಮ ತಮ್ಮ ದಾರಿ ಹಿಡಿದರು. ಇದು ಸೋಲೇ? ಅದೇ ಸ್ವಾಮಿನಾಥನ್ ಮುಂದೆ 1982ರಲ್ಲಿ ತೆರೆದ ಭೋಪಾಲದ ಭಾರತ ಭವನದಲ್ಲಿ ಆದಿವಾಸಿಗಳ ಕಲೆಯನ್ನು ನಗರದ ಕಲೆಯ ಪಕ್ಕದಲ್ಲೇ ಸರಿಸಮನಾಗಿ ಇರಿಸಿದರು. ಜ್ಯೋತಿ ಭಟ್ಟರು ಕ್ಯಾಮೆರಾ ಹಿಡಿದು ಹಳ್ಳಿಯ ಗೋಡೆ ಅಂಗಳಗಳ ಚಿತ್ತಾರಗಳನ್ನು ದಾಖಲಿಸಿದರು. ಕೇಳಿದ ಪ್ರಶ್ನೆಗೆ ಒಬ್ಬೊಬ್ಬರೂ ಬೇರೆಬೇರೆಯಾಗಿ ಉತ್ತರ ಹುಡುಕಿದರು. ಕೂಟವೊಂದರಿಂದ ಇದಕ್ಕಿಂತ ಹೆಚ್ಚೇನನ್ನು ಬಯಸೋಣ?