ಸ್ಕಿಜೋಫ್ರೀನಿಯಾ: ಲಕ್ಷಣಗಳನ್ನು ಗುರುತಿಸುವ ಬಗೆ

ಸ್ಕಿಜೋಫ್ರೀನಿಯಾ ಅಥವಾ ಚಿತ್ತವಿಕಲತೆ ಎಂಬುದು ಯೋಚನೆ, ಗ್ರಹಿಕೆ, ಭಾವನೆ, ನಡವಳಿಕೆ ಎಲ್ಲವನ್ನೂ ಕದಡುವ ತೀವ್ರ ಮಾನಸಿಕ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಇದು ಇದೆ. ಗಂಡಸರಲ್ಲಿ ಹೆಚ್ಚಾಗಿ ಹದಿಹರೆಯದ ಕೊನೆಯಿಂದ 25ರ ಆಸುಪಾಸಿನೊಳಗೆ, ಹೆಂಗಸರಲ್ಲಿ ತುಸು ತಡವಾಗಿ ಕಾಣಿಸಿಕೊಳ್ಳುತ್ತದೆ. ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಎಂಬ ಸಿನಿಮಾ ಕಲ್ಪನೆಗೂ ಇದಕ್ಕೂ ಸಂಬಂಧವಿಲ್ಲ.

ಆರಂಭದ ಸುಳಿವುಗಳು ಸದ್ದು ಮಾಡುವುದಿಲ್ಲ. ನವ ಮಂಗಳೂರು ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳು ನೆಲೆಸಿದ ಕಾಟಿಪಳ್ಳದಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಚೆನ್ನಾಗಿ ಓದುತ್ತಿದ್ದ ಹುಡುಗ ಕಾಲೇಜಿಗೆ ಹೋಗಲೊಲ್ಲ, ಗೆಳೆಯರು ಕರೆದರೂ ಕೋಣೆಯಿಂದ ಹೊರಬರುವುದಿಲ್ಲ, ರಾತ್ರಿಯಿಡೀ ಎಚ್ಚರ, ಸ್ನಾನ ಮಾಡಿಸಲೂ ತಾಯಿ ಗೋಗರೆಯಬೇಕು. ಮನೆಯವರು ಇದನ್ನು ಸೋಮಾರಿತನವೆಂದೋ ಪ್ರೇಮವೈಫಲ್ಯವೆಂದೋ ತಿಳಿಯುವುದೇ ಹೆಚ್ಚು. ಇಂಥ ಬದಲಾವಣೆಗಳೆಲ್ಲ ಈ ಕಾಯಿಲೆಯೇ ಆಗಿರಬೇಕಿಲ್ಲ. ಆದರೆ ಮೊದಲು ಹೇಗಿದ್ದವನು ಈಗ ಹೇಗಾಗಿದ್ದಾನೆ ಎಂಬ ಹೋಲಿಕೆಯೇ ಮನೆಯವರ ಕೈಲಿರುವ ಮುಖ್ಯ ಅಳತೆಗೋಲು.

ಮುಂದೆ ಎದ್ದುಕಾಣುವ ಲಕ್ಷಣಗಳು ಬರುತ್ತವೆ. ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸುತ್ತವೆ. ಅವು ಬಯ್ಯುತ್ತವೆ, ಅಪ್ಪಣೆ ಕೊಡುತ್ತವೆ, ಅಥವಾ ಇಬ್ಬರು ಸೇರಿ ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿರುವಂತೆ ಇರುತ್ತವೆ. ಕೇಳುವವರಿಗೆ ಅದು ಕಲ್ಪನೆಯಲ್ಲ, ಕಿವಿಗೆ ಬಿದ್ದ ನಿಜವಾದ ಮಾತು. ಹೀಗಾಗಿಯೇ ಅವರು ಗಾಳಿಯೊಡನೆ ಮಾತಾಡುವಂತೆ, ಕಾರಣವಿಲ್ಲದೆ ನಗುವಂತೆ ಕಾಣುತ್ತಾರೆ. ಊಟಕ್ಕೆ ವಿಷ ಬೆರೆಸಿದ್ದಾರೆ, ತನ್ನ ಯೋಚನೆ ಊರಿಗೆಲ್ಲ ಕೇಳಿಸುತ್ತಿದೆ, ಟಿವಿಯಲ್ಲಿ ತನ್ನ ಬಗ್ಗೆಯೇ ಹೇಳುತ್ತಿದ್ದಾರೆ, ದೂರದ ರಿಫೈನರಿಯ ಬೆಂಕಿಜ್ವಾಲೆ ತನಗೇ ಸಂಕೇತ ಕೊಡುತ್ತಿದೆ ಎಂಬಂಥ ನಂಬಿಕೆಗಳು ಬೇರೂರುತ್ತವೆ. ಯಾವ ಸಾಕ್ಷಿ ತೋರಿಸಿದರೂ ಕದಲುವುದಿಲ್ಲ. ಮಾತು ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಕೆಲವರು ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಅಲುಗಾಡದೆ ನಿಲ್ಲುತ್ತಾರೆ.

ಇನ್ನೊಂದು ಗುಂಪಿನ ಲಕ್ಷಣಗಳು ಕೊರತೆಯ ರೂಪದವು: ಮುಖದಲ್ಲಿ ಭಾವವಿಲ್ಲ, ಮಾತು ಒಂದೆರಡು ಪದಕ್ಕೆ ಇಳಿದಿದೆ, ಯಾವುದರಲ್ಲೂ ಆಸಕ್ತಿಯಿಲ್ಲ. ದನಿಗಳು ಔಷಧಿಗೆ ತಗ್ಗಿದರೂ ಇವು ಉಳಿದುಕೊಂಡು, ಕೆಲಸಕ್ಕೆ ಮರಳುವುದನ್ನು ಕಷ್ಟವಾಗಿಸುತ್ತವೆ.

ಕರಾವಳಿಯಲ್ಲಿ ಒಂದು ವಿವೇಚನೆ ಅಗತ್ಯ. ದೈವಾರಾಧನೆಯ ನೇಮದಲ್ಲಿ ದೈವದ ಪಾತ್ರಿಗೆ ದರ್ಶನ, ಅಂದರೆ ಆವೇಶ, ಬರುವುದು ಕಾಯಿಲೆಯಲ್ಲ; ಅದಕ್ಕೆ ಹೊತ್ತು, ಕಟ್ಟುಪಾಡು, ಊರಿನ ಒಪ್ಪಿಗೆ ಇದೆ, ಮುಗಿದ ಮೇಲೆ ಆತ ಎಂದಿನ ಬದುಕಿಗೆ ಮರಳುತ್ತಾನೆ. ಸಮುದಾಯವೇ ಹಂಚಿಕೊಂಡ ನಂಬಿಕೆಯನ್ನು ವೈದ್ಯರೂ ರೋಗಲಕ್ಷಣವೆಂದು ಎಣಿಸುವುದಿಲ್ಲ. ತನ್ನವರೇ ಒಪ್ಪದ ಅನುಭವ ವಾರಗಟ್ಟಲೆ ಮುಂದುವರಿದು ನಿದ್ದೆ, ಊಟ, ದುಡಿಮೆ ಕೆಟ್ಟರೆ ಮಾತು ಬೇರೆ. ಮಾಟ, ಕುಲೆ (ಪ್ರೇತ), ಜಿನ್ನಿನ ಕಾಟವೆಂದು ಹರಕೆ ಹೊತ್ತವರು ವೈದ್ಯರನ್ನೂ ಕಾಣಲೇಬೇಕು.

ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಅಮೆರಿಕದ ಡಿಎಸ್‌ಎಂ-5 ಮಾನದಂಡದಂತೆ ಮುಖ್ಯ ಲಕ್ಷಣಗಳು ಕನಿಷ್ಠ ಒಂದು ತಿಂಗಳು, ಕಾಯಿಲೆಯ ಚಿಹ್ನೆಗಳು ಒಟ್ಟು ಆರು ತಿಂಗಳು ಇರಬೇಕು. ಆದರೆ ವೈದ್ಯರಲ್ಲಿಗೆ ಹೋಗಲು ಅಷ್ಟು ಕಾಯಬೇಕಿಲ್ಲ. ಗಾಂಜಾ, ಮಿದುಳಿನ ಸೋಂಕು, ಥೈರಾಯ್ಡ್ ತೊಂದರೆ, ಅಪಸ್ಮಾರಗಳೂ ಇಂಥದೇ ಲಕ್ಷಣ ತೋರಬಹುದು. ಜ್ವರದೊಡನೆ ಹಠಾತ್ತನೆ ದಿಕ್ಕುತಪ್ಪಿದರೆ ಅದು ತುರ್ತು ಚಿಕಿತ್ಸೆಯ ವಿಷಯ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಇಂಥ ತೀವ್ರ ಕಾಯಿಲೆಯಿದ್ದ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯಿಂದ ಹೊರಗಿದ್ದರು. ಚಿಕಿತ್ಸೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು ಸಾಕ್ಷಿ. ಅಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಗಳ ರೋಗಿಗಳನ್ನು ಗುರುತಿಸಿ ವರ್ಷಗಳ ಕಾಲ ಅನುಸರಿಸಿತು. ಔಷಧಿ ತೆಗೆದುಕೊಂಡವರ ದೈನಂದಿನ ಅಸಾಮರ್ಥ್ಯ, ತೆಗೆದುಕೊಳ್ಳದವರಿಗಿಂತ ಕಡಿಮೆಯಾಯಿತು.

ರೋಗಿಗೆ ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರುವುದು ಸಾಮಾನ್ಯ. ಆದ್ದರಿಂದ ದನಿ ಸುಳ್ಳೆಂದು ವಾದಿಸುವುದಕ್ಕಿಂತ "ನಿದ್ದೆಯಿಲ್ಲದೆ ಸೊರಗಿದ್ದೀಯಲ್ಲ ಮಗಾ, ಒಮ್ಮೆ ಡಾಕ್ಟರಿಗೆ ತೋರಿಸಿ ಬರುವ" ಎನ್ನುವುದು ಫಲ ಕೊಡುತ್ತದೆ. ಕಾಟಿಪಳ್ಳದವರಿಗೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೋಗಿ ಸಾಯುವ ಮಾತಾಡಿದರೆ, ಅಥವಾ ತನಗೋ ಇತರರಿಗೋ ಹಾನಿ ಮಾಡುವಂತೆ ದನಿಗಳು ಅಪ್ಪಣೆ ಕೊಡುತ್ತಿದ್ದರೆ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.