ಒಂದು ರೋಗಕ್ಕೆ ಒಂದೇ ಹೆಸರು: ವೈದ್ಯಕೀಯ ವಿಷಯ ಶೀರ್ಷಿಕೆಗಳ ಇತಿಹಾಸ

ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ ಸೇನೆಯ ಶಸ್ತ್ರವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ವಾಷಿಂಗ್ಟನ್ನಿನ ಸರ್ಜನ್ ಜನರಲ್ ಕಚೇರಿಯ ಗ್ರಂಥಾಲಯದ ಹೊಣೆ ಹೊತ್ತರು. 1879ರಲ್ಲಿ ಅವರು ರಾಬರ್ಟ್ ಫ್ಲೆಚರ್ ಅವರೊಡಗೂಡಿ ಹೊಸ ವೈದ್ಯಕೀಯ ಬರಹಗಳ ಮಾಸಿಕ ಸೂಚಿಯಾದ ‘ಇಂಡೆಕ್ಸ್ ಮೆಡಿಕಸ್’ ಅನ್ನು ಆರಂಭಿಸಿದರು. ಮರುವರ್ಷದಿಂದ ಗ್ರಂಥಾಲಯದ ಸಂಗ್ರಹವನ್ನು ಲೇಖಕರ ಹೆಸರು ಮತ್ತು ವಿಷಯಗಳ ಒಂದೇ ಅಕಾರಾದಿಯಲ್ಲಿ ಜೋಡಿಸಿದ ‘ಇಂಡೆಕ್ಸ್ ಕ್ಯಾಟಲಾಗ್’ ಸಂಪುಟಗಳೂ ಹೊರಬರತೊಡಗಿದವು. ಅದರ ಮೊದಲ ಮಾಲೆಯ 16 ಸಂಪುಟಗಳು ಮುಗಿದದ್ದು 1895ರಲ್ಲಿ. ಒಂದು ಅಕ್ಷರದ ಸಂಪುಟ ಅಚ್ಚಾದ ಮೇಲೆ ಕೈಸೇರಿದ ಲೇಖನ ಮುಂದಿನ ಮಾಲೆಯವರೆಗೆ ಕಾಯಬೇಕಾಗುತ್ತಿತ್ತು.

ವಿಳಂಬಕ್ಕಿಂತ ಆಳವಾದ ತೊಡಕು ಹೆಸರುಗಳದ್ದಾಗಿತ್ತು. ಒಂದೇ ರೋಗವನ್ನು ಬೇರೆ ಬೇರೆ ಲೇಖಕರು ಬೇರೆ ಬೇರೆ ಹೆಸರಿನಿಂದ ಕರೆಯುವಾಗ, ಎಲ್ಲರಿಗೂ ಸಮ್ಮತವಾದ ಒಂದು ಹೆಸರನ್ನು ಗೊತ್ತುಪಡಿಸಿ ಉಳಿದವುಗಳಿಂದ ಅದಕ್ಕೆ ದಾರಿ ತೋರಿಸದಿದ್ದರೆ, ಸೂಚಿ ಎಷ್ಟು ದೊಡ್ಡದಾದರೂ ಓದುಗನಿಗೆ ಸಿಗುವುದು ಅರೆಪಾಲು ಮಾತ್ರ. ಹೀಗೆ ಗೊತ್ತುಪಡಿಸಿದ ಹೆಸರೇ ವಿಷಯ ಶೀರ್ಷಿಕೆ. ಗ್ರಂಥಾಲಯವು ತನ್ನ ಶೀರ್ಷಿಕೆಗಳ ಅಧಿಕೃತ ಪಟ್ಟಿಯನ್ನು ಮೊದಲು ಪ್ರಕಟಿಸಿದ್ದು 1954ರಲ್ಲಿ. ಎರಡು ವರ್ಷಗಳ ನಂತರ ಅದು ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1960ರಲ್ಲಿ ನಿರ್ದೇಶಕ ಫ್ರಾಂಕ್ ರೋಜರ್ಸ್ ಅವರ ಕಾಲದಲ್ಲಿ ಸುಮಾರು 4,400 ಶೀರ್ಷಿಕೆಗಳ ‘ಮೆಡಿಕಲ್ ಸಬ್ಜೆಕ್ಟ್ ಹೆಡಿಂಗ್ಸ್’, ಅಂದರೆ ಇಂದು ‘ಮೆಶ್’ ಎಂದು ಹೆಸರಾದ ಪಟ್ಟಿ, ಪುಸ್ತಕಗಳಿಗೂ ಪತ್ರಿಕಾ ಲೇಖನಗಳಿಗೂ ಸಮಾನವಾಗಿ ಅನ್ವಯಿಸುವಂತೆ ರೂಪುಗೊಂಡಿತು.

1963ರ ಆವೃತ್ತಿಯಲ್ಲಿ ಶೀರ್ಷಿಕೆಗಳನ್ನು ಅಕಾರಾದಿಯ ಜೊತೆಗೆ ವರ್ಗಗಳಾಗಿಯೂ ವಿಂಗಡಿಸಲಾಯಿತು. ವಿಶಾಲ ವಿಷಯದ ಕೆಳಗೆ ಅದರ ಒಳವಿಷಯಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಏರ್ಪಾಡು ಮುಂದೆ ವೃಕ್ಷರಚನೆಯಾಗಿ ಬೆಳೆಯಿತು. ಅದರಿಂದಾಗಿ ಮೇಲಿನ ಒಂದು ಶೀರ್ಷಿಕೆಯನ್ನು ಕೇಳಿದರೆ ಕೆಳಗಿನವುಗಳಡಿಯ ಲೇಖನಗಳೂ ಒಟ್ಟಿಗೆ ದೊರೆಯುವುದು ಸಾಧ್ಯವಾಯಿತು. ಕರ್ನಾಟಕದ ಮಲೆನಾಡಿಗೂ ಈ ವೃಕ್ಷದಲ್ಲಿ ಸ್ಥಾನವಿದೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಜನ ಮಂಗನ ಕಾಯಿಲೆ ಎನ್ನುವ ರೋಗ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂಬ ಸ್ವತಂತ್ರ ಶೀರ್ಷಿಕೆಯಾಗಿ ವೈರಾಣುಜನ್ಯ ರಕ್ತಸ್ರಾವ ಜ್ವರಗಳ ಗುಂಪಿನಲ್ಲಿದೆ. ಆದ್ದರಿಂದ ಆ ಇಡೀ ಗುಂಪನ್ನು ಕೇಳಿದ ದೂರದೇಶದ ಸಂಶೋಧಕನಿಗೆ, ಕ್ಯಾಸನೂರಿನ ಹೆಸರೇ ತಿಳಿಯದಿದ್ದರೂ, ಮಲೆನಾಡಿನ ಅಧ್ಯಯನಗಳು ಸಿಗುತ್ತವೆ.

ಗಣಕಯಂತ್ರದ ಕಾಲ ಈ ಅಡಿಪಾಯದ ಮೇಲೆಯೇ ಎದ್ದಿತು. 1964ರಲ್ಲಿ ಬಂದ ‘ಮೆಡ್ಲಾರ್ಸ್’ ಎಂಬ ಗಣಕ ವ್ಯವಸ್ಥೆ ಸೂಚಿಯ ಮುದ್ರಣಕ್ಕೂ ಹುಡುಕಾಟಕ್ಕೂ ನೆರವಾಯಿತಾದರೂ, ಕೇಳಿದ್ದಕ್ಕೆ ಉತ್ತರ ಬರಲು ವಾರಗಳೇ ಹಿಡಿಯುತ್ತಿದ್ದವು. 1971ರ ‘ಮೆಡ್‌ಲೈನ್’ ದೂರಸಂಪರ್ಕದ ಮೂಲಕ ಒಡನೆಯೇ ಉತ್ತರಿಸತೊಡಗಿತು. 1997ರಲ್ಲಿ ‘ಪಬ್‌ಮೆಡ್’ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಮುದ್ರಿತ ‘ಇಂಡೆಕ್ಸ್ ಮೆಡಿಕಸ್’ 2004ಕ್ಕೆ ನಿಂತುಹೋಯಿತು.

ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಲಾಗುತ್ತದೆ. ಈಗ ಅದರಲ್ಲಿ 30,000ಕ್ಕೂ ಹೆಚ್ಚು ಶೀರ್ಷಿಕೆಗಳಿವೆ. ಏಡ್ಸ್ ರೋಗದ ಮೊದಲ ವರದಿಗಳು 1981ರಲ್ಲಿ ಬಂದರೂ ಅದರ ಶೀರ್ಷಿಕೆ ಸೇರಿದ್ದು 1983ರಲ್ಲಿ. ಅದಕ್ಕೂ ಹಿಂದಿನ ಲೇಖನಗಳನ್ನು ಆಗ ಲಭ್ಯವಿದ್ದ ವಿಶಾಲ ಶೀರ್ಷಿಕೆಗಳಡಿ ಸೇರಿಸಲಾಗಿತ್ತು. ಹೀಗಾಗಿ ಒಂದು ಶೀರ್ಷಿಕೆ ಯಾವ ವರ್ಷ ಬಂತು, ಅದಕ್ಕೆ ಮೊದಲು ಏನಿತ್ತು ಎಂಬುದನ್ನು ತಿಳಿಯದವರ ಹುಡುಕಾಟ ಅಪೂರ್ಣವಾಗುತ್ತದೆ. ಶೀರ್ಷಿಕೆ ಇನ್ನೂ ನಿಗದಿಯಾಗದ ಹೊಸ ಲೇಖನಗಳಿಗಾಗಿ ಹೆಸರು ಮತ್ತು ಸಾರಾಂಶದಲ್ಲಿನ ಪದಗಳನ್ನೂ ಜೊತೆಗೆ ಹುಡುಕಬೇಕಾಗುತ್ತದೆ. 2022ರಿಂದ ಶೀರ್ಷಿಕೆ ನೀಡುವ ಕೆಲಸ ಬಹುಮಟ್ಟಿಗೆ ಯಂತ್ರದ ಪಾಲಾಗಿದೆ. ಆದರೆ ಯಂತ್ರ ಆರಿಸಿಕೊಳ್ಳುವುದು ತಲೆಮಾರುಗಳ ಗ್ರಂಥಪಾಲಕರು ಚರ್ಚಿಸಿ, ತಿದ್ದಿ, ವಿಸ್ತರಿಸಿದ ಪಟ್ಟಿಯಿಂದಲೇ. ರೋಗಿಯ ಚಿಕಿತ್ಸೆಗೆ ಬೇಕಾದ ಪುರಾವೆ ವೈದ್ಯನ ಕೈಸೇರುವುದರ ಹಿಂದೆ ಅವರ ಈ ದೀರ್ಘ ಶ್ರಮವಿದೆ.